ಕೊರೊ ಬರೆದದ್ದೆಷ್ಟು, ಕೊರೊ ಹೆಸರಿನಲ್ಲಿರುವುದೆಷ್ಟು?

ಒಂದು ಕೊಳ. ಆಚೆ ದಡದಲ್ಲಿ ಮಂಜಿನೊಳಗೆ ಮಸುಕಾದ ಒಂದೆರಡು ಮನೆ. ಈಚೆ ಬಾಗಿದ ಮರ, ಬೂದು ಹೊಗೆಯಂಥ ಎಲೆ. ಬುಡದಲ್ಲಿ ಏನನ್ನೋ ಆಯುತ್ತ ಬಗ್ಗಿದ ಹೆಂಗಸು, ಅವಳ ತಲೆಯ ಮೇಲೆ ಸಾಸಿವೆಯಷ್ಟು ಕೆಂಪು. ಕೆಳಮೂಲೆಯಲ್ಲಿ ಕೊರೊ ಎಂಬ ಸಹಿ, 19ನೇ ಶತಮಾನದ ಫ್ರೆಂಚ್ ನಿಸರ್ಗಚಿತ್ರಕಾರನ ಹೆಸರು. ಯುರೋಪು, ಅಮೆರಿಕಗಳ ಹರಾಜುಗಳಲ್ಲಿ ಸುಮಾರು ನೂರೈವತ್ತು ವರ್ಷಗಳಿಂದ ಇಂಥ ಚಿತ್ರಗಳು ಬರುತ್ತಲೇ ಇವೆ. ಬರೆದವರು ಯಾರು ಎಂಬುದು ಮಾತ್ರ ಪ್ರತಿ ಸಲವೂ ಹೊಸ ಪ್ರಶ್ನೆ.

‘ಕೊರೊ ಬರೆದದ್ದು 3,000 ಚಿತ್ರ, ಅದರಲ್ಲಿ 10,000 ಅಮೆರಿಕದಲ್ಲಿವೆ’ ಎಂಬುದು ಕಲಾಲೋಕದ ಹಳೇ ಕುಚೋದ್ಯ. ನಕ್ಕು ಬಿಡಬಹುದು. ಆದರೆ ಈ ಗೋಜಲು ಬರೀ ಖೋಟಾ ವ್ಯಾಪಾರದಿಂದ ಹುಟ್ಟಿದ್ದಲ್ಲ. ಅದರ ಒಂದು ಎಳೆ ಕೊರೊನ ಸ್ಟುಡಿಯೋದೊಳಗಿನಿಂದಲೇ ಹೊರಡುತ್ತದೆ.

ಝಾನ್ ಬಾತಿಸ್ತ್ ಕಮೀಯ್ ಕೊರೊ ಹುಟ್ಟಿದ್ದು 1796ರಲ್ಲಿ, ಪ್ಯಾರಿಸ್ಸಿನಲ್ಲಿ. ತಾಯಿಯದು ಹೆಂಗಸರ ಟೋಪಿಯ ಅಂಗಡಿ, ಒಳ್ಳೆಯ ವ್ಯಾಪಾರ. ಮಗ 26 ವರ್ಷದವರೆಗೆ ಬಟ್ಟೆ ವ್ಯಾಪಾರದಲ್ಲಿ ಒದ್ದಾಡಿ, ಕೊನೆಗೆ ಮನೆಯವರಿಂದ ವರ್ಷಕ್ಕೆ 1,500 ಫ್ರಾಂಕ್ ಭತ್ಯೆ ಗಿಟ್ಟಿಸಿಕೊಂಡು ಕುಂಚ ಹಿಡಿದ. 1825ರಿಂದ 1828ರವರೆಗೆ ಇಟಲಿಯಲ್ಲಿದ್ದು ಬಯಲಲ್ಲೇ ಕೂತು, ಕಾಗದದ ಮೇಲೆ ತೈಲವರ್ಣದಲ್ಲಿ ಪುಟ್ಟ ಅಭ್ಯಾಸಚಿತ್ರಗಳನ್ನು ಬರೆದ. 1826ರ ನಾರ್ನಿ ಸೇತುವೆಯ ಅಭ್ಯಾಸಚಿತ್ರ ಈ ಕಾಲದ್ದು. ಆಮೇಲಿನ ಎರಡು ದಶಕ ಪ್ರದರ್ಶನಗಳು, ಅಲ್ಲೊಂದು ಇಲ್ಲೊಂದು ಪದಕ, ಮಾರಾಟ ಅಷ್ಟಕ್ಕಷ್ಟೇ. ಐವತ್ತು ದಾಟಿದ ಮೇಲೆ ಹೆಸರು ಬಂತು. ಅದು ಬಂದದ್ದು ಇಟಲಿಯ ಗಟ್ಟಿ ಬಿಸಿಲಿನಿಂದಲ್ಲ, ಬೆಳ್ಳಿ ಬಣ್ಣದ ಮಂಜಿನಿಂದ.

ಈ ಮಂಜಿನ ಕಾಲವನ್ನೇ ಸ್ವಲ್ಪ ಹತ್ತಿರದಿಂದ ನೋಡಬೇಕು. 1850ರ ನಂತರ ಕೊರೊ ಸ್ಟುಡಿಯೋದಲ್ಲಿ, ನೆನಪಿನಿಂದ ಬರೆಯುವುದು ಹೆಚ್ಚಾಯಿತು. ಅಂಥ ಚಿತ್ರಗಳಿಗೆ ಅವನೇ ‘ಸುವೆನೀರ್’, ಅಂದರೆ ನೆನಪು, ಎಂದು ಹೆಸರಿಡುತ್ತಿದ್ದ. 1864ರ ‘ಮೋರ್ತ್‌ಫೋಂತೇನ್‌ನ ನೆನಪು’ ಅವುಗಳಲ್ಲಿ ಪ್ರಸಿದ್ಧ. 65 × 89 ಸೆಂಟಿಮೀಟರ್, ಈಗ ಲೂವ್ರ್‌ನಲ್ಲಿದೆ. ನೆನಪಿನ ಚಿತ್ರಕ್ಕೊಂದು ಅನುಕೂಲವುಂಟು: ಮರವನ್ನು ಎಡದಿಂದ ಬಲಕ್ಕೆ ಸರಿಸಿ, ದೋಣಿ ಸೇರಿಸಿ, ಹೆಂಗಸನ್ನು ಕೂರಿಸಿ ಅದನ್ನೇ ಮತ್ತೆ ಬರೆಯಬಹುದು. ಗಿರಾಕಿಗಳು ಕೇಳಿದ್ದೂ ಅದನ್ನೇ.

ಅವನ ಕ್ರಮ ನೇರವಾದದ್ದು. ಮೊದಲು ಆಕಾರ, ಆಮೇಲೆ ನೆರಳು–ಬೆಳಕಿನ ಮೆಟ್ಟಿಲುಗಳು, ಆಮೇಲೆ ಬಣ್ಣ, ಕೊನೆಗೆ ಕುಂಚದ ಮುಗಿತಾಯ. ನೋಟ್‌ಬುಕ್ಕಿನ ಚುಟುಕು ರೇಖಾಚಿತ್ರಗಳಲ್ಲಿ ಬೆಳಕಿರುವ ಕಡೆ ವೃತ್ತ, ಕತ್ತಲಿರುವ ಕಡೆ ಚೌಕ ಗುರುತು ಹಾಕುತ್ತಿದ್ದ. ಕ್ಯಾನ್ವಾಸಿನ ಮೇಲೆ ಅತಿ ಗಾಢವಾದದ್ದರಿಂದ ಹೊರಟು ಹಂತಹಂತವಾಗಿ ತಿಳಿಗೆ ಏರುತ್ತಿದ್ದ. ಕೊನೆಗಾಲದ ಚಿತ್ರಗಳಲ್ಲಿ ಹೆಚ್ಚುಕಡಿಮೆ ಎಲ್ಲ ಬಣ್ಣಕ್ಕೂ ಸೀಸದ ಬಿಳಿ ಬೆರೆತಿರುತ್ತದೆ. ಆ ಬೂದು ಬರುವುದು ಅಲ್ಲಿಂದ.

ನಕಲು ಮಾಡುವವರು ಎಡವುವುದೂ ಇಲ್ಲೇ. ಬಿಳಿ ಬೆರೆಸಿದರೆ ಮಂಜು ಬಂತು ಎಂದುಕೊಳ್ಳುತ್ತಾರೆ. ಹತ್ತಿರದ ಮರ, ನಡುವಿನ ನೀರು, ದೂರದ ದಡ ಎಲ್ಲಕ್ಕೂ ಒಂದೇ ಪ್ರಮಾಣದ ಬಿಳಿ ಬಿದ್ದು ಚಿತ್ರ ಗೋಡೆಯಂತೆ ಚಪ್ಪಟೆಯಾಗುತ್ತದೆ. ಕೊರೊನ ಬೂದಿನಲ್ಲಿ ಮೆಟ್ಟಿಲುಗಳು ಉಳಿದಿರುತ್ತವೆ. ಕಣ್ಣು ಕಿರಿದು ಮಾಡಿ ನೋಡಿದರೂ ದೂರ ದೂರವೇ. ಎಲೆಗಳನ್ನೂ ನೋಡಿ. ನಕಲಿನಲ್ಲಿ ಒಂದೇ ಗಾತ್ರದ ಚುಕ್ಕೆಗಳನ್ನು ಉದುರಿಸಿದಂತಿರುತ್ತದೆ, ಕೊಂಬೆ ಕಾಂಡಕ್ಕೆ ಅಂಟಿಸಿದಂತೆ ನಿಂತಿರುತ್ತದೆ. ಯೌವನದಲ್ಲಿ ಪೆನ್ಸಿಲ್ ಹಿಡಿದು ಮರದ ಬೇರು, ಬಂಡೆಯ ಬಿರುಕನ್ನೆಲ್ಲ ತಾಳ್ಮೆಯಿಂದ ಬರೆದವನು ಮಂಜಿನೊಳಗೂ ಕೊಂಬೆಯ ಕೀಲು ತಪ್ಪುವುದಿಲ್ಲ.

ಇನ್ನು ಸ್ಟುಡಿಯೋದ ಎಳೆ. ‘ಕೊರೊ ಅಪ್ಪ’ ಎಂದೇ ಕರೆಸಿಕೊಂಡ ಈ ಅವಿವಾಹಿತನ ಕೈ ದೊಡ್ಡದು. ಕಣ್ಣು ಮಂಜಾಗುತ್ತಿದ್ದ ವ್ಯಂಗ್ಯಚಿತ್ರಕಾರ ದೋಮಿಯೇಗೆ ವಾಲ್ಮೊಂದ್ವಾದಲ್ಲಿ ಮನೆ ಉಳಿಸಿಕೊಟ್ಟ. ಚಿತ್ರಕಾರ ಮಿಲೆ ತೀರಿಕೊಂಡಾಗ ಅವನ ಹೆಂಡತಿಗೆ 10,000 ಫ್ರಾಂಕ್ ಕೊಟ್ಟ. ಅದೇ ಉದಾರತೆ ಚಿತ್ರಗಳ ವಿಷಯದಲ್ಲೂ. ಶಿಷ್ಯರು, ಗೆಳೆಯರು ಅಭ್ಯಾಸಚಿತ್ರಗಳನ್ನು ನಕಲು ಮಾಡಲು ಮನೆಗೆ ಒಯ್ಯುತ್ತಿದ್ದರು. ತಂದು ತೋರಿಸಿದ ನಕಲನ್ನು ಅಲ್ಲಲ್ಲಿ ತಿದ್ದುತ್ತಿದ್ದ. ಕಷ್ಟದಲ್ಲಿದ್ದವರದಾದರೆ ಸಹಿಯನ್ನೂ ಹಾಕಿಕೊಡುತ್ತಿದ್ದ. ಹೀಗೆ ಪೂರ್ತಿ ಅವನದು, ಅರ್ಧ ಅವನದು, ಸಹಿ ಮಾತ್ರ ಅವನದು ಎಂಬ ಮೂರು ಬಗೆ ಅವನ ಕಣ್ಣೆದುರಿಗೇ ತಯಾರಾದವು. ಆಮೇಲೆ ಸಹಿಯೂ ಅವನದಲ್ಲದ ನಾಲ್ಕನೆಯದು ಬಂತು. ಮೊದಲ ಮೂರು ಇಲ್ಲದಿದ್ದರೆ ಅದಕ್ಕೆ ಇಷ್ಟು ಸಲೀಸಾಗಿ ಜಾಗ ಸಿಗುತ್ತಿರಲಿಲ್ಲ.

1875ರ ಫೆಬ್ರವರಿಯಲ್ಲಿ ಕೊರೊ ಸತ್ತ. ಸ್ಟುಡಿಯೋದಲ್ಲಿ ಉಳಿದದ್ದನ್ನು ಮೇ–ಜೂನ್‌ನಲ್ಲಿ ಹರಾಜು ಹಾಕಿದರು. ಚಿತ್ರದ ಮುಂಭಾಗಕ್ಕೆ ‘ವಾಂತ್ ಕೊರೊ’, ಅಂದರೆ ಕೊರೊ ಮಾರಾಟ, ಎಂಬ ಮುದ್ರೆ, ಹಿಂದೆ ಕೆಂಪು ಅರಗಿನ ಮೊಹರು. ಗುರುತಿಗೆ ಒಳ್ಳೆಯ ಏರ್ಪಾಡೇ. ಆದರೆ ಮುದ್ರೆಯನ್ನೂ ನಕಲು ಮಾಡಬಹುದು, ಮಾಡಿದರು. ಅರಗಿನ ಮೊಹರಿಗೆ ಬೇರೆ ಅಪಾಯ: ಹಳೆಯ ಕ್ಯಾನ್ವಾಸಿನ ಬೆನ್ನಿಗೆ ಹೊಸದನ್ನು ಅಂಟಿಸುವಾಗ, ಮರದ ಚೌಕಟ್ಟು ಬದಲಿಸುವಾಗ ಅದು ಕಳೆದುಹೋಗುತ್ತದೆ. ಹಾಗಾಗಿ ಮೊಹರು ಇಲ್ಲದ ಅಸಲಿಗಳೂ ಮೊಹರು ಇರುವ ಖೋಟಾಗಳೂ ಉಂಟು.

1883ರಲ್ಲಿ ವಿಷಯ ಬೀದಿಗೆ ಬಂತು. ಸಾಹಿತಿ ಅಲೆಕ್ಸಾಂಡರ್ ದ್ಯುಮಾ (ಮಗ) ಒಂದು ಕೊರೊ ಕೊಂಡಿದ್ದ. ಅದು ಪಾಲ್ ದೆಸಿರೆ ತ್ರುಯಿಬೆರ್ ಎಂಬವನ ಚಿತ್ರ, ಅವನ ಸಹಿ ಅಳಿಸಿ ಮೇಲೆ ಕೊರೊ ಎಂದು ಬರೆಯಲಾಗಿದೆ ಎಂದು ಗೊತ್ತಾಯಿತು. ತ್ರುಯಿಬೆರ್ ಕಳ್ಳನಲ್ಲ; ಭಾವಚಿತ್ರಗಳಿಂದ ಶುರುಮಾಡಿ ನಿಸರ್ಗಚಿತ್ರಕ್ಕೆ ಹೊರಳಿದ, ಪ್ರದರ್ಶನಗಳಲ್ಲಿ ತನ್ನದೇ ಹೆಸರಿನಲ್ಲಿ ಭಾಗವಹಿಸುತ್ತಿದ್ದ ಕಲಾವಿದ. ತನ್ನ ಚಿತ್ರ ತನ್ನದೇ ಎಂದು ಸಾಬೀತುಪಡಿಸಲು ಅವನೇ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ವ್ಯಾಪಾರದ ಕೈಬದಲಿನಲ್ಲಿ ಸಹಿ ಎಲ್ಲಿ ಬದಲಾಯಿತೋ, ಲಾಭ ಮಾತ್ರ ಚಿತ್ರ ಬರೆದವನದಾಗಲಿಲ್ಲ.

ಪಟ್ಟಿ ಮಾಡಿದರೆ ಸರಿಹೋಗುತ್ತದೆ ಎಂದು ನಂಬಿದವನು ಆಲ್ಫ್ರೆಡ್ ರೊಬೋ. ಕೊರೊನನ್ನು ಹತ್ತಿರದಿಂದ ಬಲ್ಲವನು. ಕಂಡ ಚಿತ್ರಗಳನ್ನೆಲ್ಲ ಪುಟ್ಟದಾಗಿ ಬರೆದಿಟ್ಟುಕೊಂಡು, ಅಳತೆ, ಒಡೆಯರ ವಿವರ ಗುರುತು ಹಾಕಿಕೊಂಡ. ಅವನ ಸಾಮಗ್ರಿಯನ್ನು ಆಧರಿಸಿ ಎತಿಯೆನ್ ಮೊರೊ–ನೆಲಾತೋನ್ 1905ರಲ್ಲಿ ಸುಮಾರು 2,500 ಕೃತಿಗಳ ಪಟ್ಟಿಯನ್ನು ಹೊರತಂದ. ಇಂದಿಗೂ ಅದೇ ಆಧಾರ. ವಿಪರ್ಯಾಸವೆಂದರೆ ಆ ಸಂಪುಟಗಳು ಖೋಟಾಗಾರರಿಗೂ ಕೈಪಿಡಿಯಾದವು: ಯಾವ ಚಿತ್ರ ಎಲ್ಲಿದೆಯೋ ತಿಳಿಯದು ಎಂದು ನೋಡಿಕೊಂಡು ಅದೇ ಅಳತೆಗೆ ಬರೆದರಾಯಿತು. ಮುಂದೆ ಒಬ್ಬ ಫ್ರೆಂಚ್ ವೈದ್ಯ ಜೀವಮಾನವಿಡೀ ಕೂಡಿಟ್ಟ ಸಂಗ್ರಹ ಬೆಳಕಿಗೆ ಬಂತು. ಅದರಲ್ಲಿ 2,414 ‘ಕೊರೊ’ಗಳಿದ್ದವು. ಎಲ್ಲವೂ ಖೋಟಾ.

ಪ್ರಯೋಗಾಲಯ ತೀರ್ಮಾನಿಸಲಿ ಎನ್ನುವವರಿಗೆ ಒಂದು ಮಾತು. ಬಣ್ಣದಲ್ಲಿ ಟೈಟಾನಿಯಂ ಬಿಳಿ ಸಿಕ್ಕರೆ ಅದು 20ನೇ ಶತಮಾನದ್ದು, ಚರ್ಚೆ ಮುಗಿಯಿತು. ಆದರೆ ಹೆಚ್ಚಿನ ಖೋಟಾಗಳು ಕೊರೊನ ಕೊನೆಗಾಲದ, ಇಲ್ಲವೇ ಅವನು ಸತ್ತ ಬೆನ್ನಿಗೇ ಹುಟ್ಟಿದವು. ಅದೇ ಪ್ಯಾರಿಸ್ಸಿನ ಅಂಗಡಿಯ ಕ್ಯಾನ್ವಾಸ್, ಅದೇ ಟ್ಯೂಬಿನ ಬಣ್ಣ. ಅಲ್ಲಿ ರಸಾಯನ ಸುಮ್ಮನಾಗುತ್ತದೆ. ಹೆಚ್ಚು ಉಪಯೋಗ ಸೂಕ್ಷ್ಮದರ್ಶಕದ್ದು. ಸಹಿಯ ಬಣ್ಣ ಹಳೆಯ ಬಿರುಕಿನೊಳಕ್ಕೆ ಹರಿದಿದೆಯೇ? ವಾರ್ನಿಷಿನ ಮೇಲೆ ಕೂತಿದೆಯೇ? ಹೌದಾದರೆ ಸಹಿ ಆಮೇಲೆ ಬಂದದ್ದು. ಹಾಗೆಂದು ಚಿತ್ರವೂ ಖೋಟಾ ಎನ್ನುವಂತಿಲ್ಲ. ಸಹಿಯಿಲ್ಲದ ಅಸಲಿ ಅಭ್ಯಾಸಚಿತ್ರಕ್ಕೆ ಬೆಲೆ ಏರಲೆಂದು ಯಾರೋ ಹೆಸರು ಬರೆದಿರಬಹುದು.

ಈ ಗದ್ದಲದಿಂದ ಬಹುಮಟ್ಟಿಗೆ ದೂರ ಉಳಿದವು ಅವನ ಭಾವಚಿತ್ರಗಳು, ಮನುಷ್ಯಾಕೃತಿಗಳು. ಅಕ್ಕನ ಮಕ್ಕಳನ್ನು ಕೂರಿಸಿ ಬರೆದ ಚಿತ್ರಗಳು ಮನೆಯವರಿಗೆಂದೇ ಬರೆದವು. ‘ಮುತ್ತಿನ ಹೆಂಗಸು’, 1874ರ ‘ನೀಲಿ ಉಡುಪಿನ ಹೆಂಗಸು’ ಮುಂತಾದವನ್ನು ಸ್ವಂತ ಖುಷಿಗೆ ಬರೆದ. ಇಂಥವನ್ನು ಪ್ರದರ್ಶನಕ್ಕೆ ಕಳಿಸಿದ್ದೇ ಅಪರೂಪ. 1909ರಲ್ಲಿ ಪ್ಯಾರಿಸ್ಸಿನ ಶರತ್ಕಾಲದ ಪ್ರದರ್ಶನದಲ್ಲಿ ಇವನ್ನು ಒಟ್ಟಿಗೆ ತೂಗುಹಾಕಿದಾಗ ಹೊಸ ತಲೆಮಾರಿನ ಕಲಾವಿದರು ನಿಂತು ನೋಡಿದರು. ಅಷ್ಟು ಹೊತ್ತಿಗೆ ಮಂಜಿನ ಕೊಳಗಳು ಹಡಗು ಹತ್ತಿ ಹೋಗಿ ದಶಕಗಳಾಗಿದ್ದವು.

ತ್ರುಯಿಬೆರ್ 1900ರಲ್ಲಿ ತೀರಿಕೊಂಡ. ಈಗ ಅವನ ಕೃತಿಗಳಿಗೂ ಬೇರೆಯೇ ಪಟ್ಟಿಯಿದೆ, ಅವನ ಹೆಸರಿಗೂ ಬೆಲೆಯಿದೆ.