ನ್ಯಾನೋ ಮದ್ದು ನೇರ ಊದಿದ ಕೀಲಿಗೇ ಹೋಗುತ್ತದಾ?

ಪ್ರಶ್ನೆ: ಅಮ್ಮನಿಗೆ ರುಮಟಾಯ್ಡ್ ಆರ್ಥ್ರೈಟಿಸ್ (ಕೀಲುವಾತ) ಇದೆ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ. ತಗೊಂಡ ಮರುದಿನ ಪೂರ್ತಿ ವಾಕರಿಕೆ. ನ್ಯಾನೋ ಔಷಧಿ ನೇರ ಕೀಲಿಗೇ ಹೋಗುತ್ತಂತೆ, ನಿಜವಾ? ಈ ಮಾತ್ರೆ ಬಿಡಬಹುದಾ?

ಉತ್ತರ: ದಯವಿಟ್ಟು ಮಾತ್ರೆ ಬಿಡಿಸಬೇಡಿ. ಆದರೆ ನೀವು ಕೇಳಿದ್ದರಲ್ಲಿ ಹುರುಳಿದೆ.

ನುಂಗಿದ ಮಾತ್ರೆ ರಕ್ತದಲ್ಲಿ ಬೆರೆತು ಮೈಯೆಲ್ಲ ಸುತ್ತುತ್ತದೆ. ವಾಕರಿಕೆ ಬರೋದು, ಆಗಾಗ ಲಿವರ್ ಟೆಸ್ಟ್ ಮಾಡಿಸೋದು ಅದಕ್ಕೇ. ನ್ಯಾನೋ ವಿಧಾನದಲ್ಲಿ ಮದ್ದನ್ನು ಕೊಬ್ಬಿನ ಪುಟ್ಟ ಗುಳ್ಳೆಯೊಳಗೆ ತುಂಬಿ ರಕ್ತಕ್ಕೆ ಬಿಡುತ್ತಾರೆ. ಇದರ ಹೆಸರು ಲಿಪೊಸೋಮ್. ಅಳತೆ ಸುಮಾರು 100 ನ್ಯಾನೋಮೀಟರ್. ಒಂದು ಕೂದಲಿನ ದಪ್ಪದಲ್ಲಿ ಇಂಥ 800 ಗುಳ್ಳೆ ಸಾಲಾಗಿ ಕೂರುತ್ತವೆ.

ಈ ಗುಳ್ಳೆಗೆ ಕೀಲು ಎಲ್ಲಿದೆ ಅಂತ ಗೊತ್ತಿಲ್ಲ. ದಾರಿ ಬಿಡೋದು ಊದಿದ ಕೀಲೇ. ಬೆಳಗ್ಗೆ ಅಮ್ಮನ ಬೆರಳ ಗಂಟು ಮುಟ್ಟಿ ನೋಡಿ. ಬೆಚ್ಚಗಿರುತ್ತದೆ, ಮೆತ್ತಗೆ ಉಬ್ಬಿರುತ್ತದೆ, ಮುಷ್ಟಿ ಕಟ್ಟೋಕಾಗಲ್ಲ. ಅಲ್ಲಿನ ಸಣ್ಣ ರಕ್ತನಾಳಗಳ ಗೋಡೆ ಸಡಿಲವಾಗಿ ಸೋರುತ್ತಿರುತ್ತದೆ. ಬೇರೆ ಕಡೆ ನಾಳದಿಂದ ಸುಲಭವಾಗಿ ಹೊರಬರಲಾಗದ ಗುಳ್ಳೆ ಇಲ್ಲಿ ನುಸುಳುತ್ತದೆ. ಉರಿಯೂತ ಹೆಚ್ಚಿಸುವ ಜೀವಕೋಶಗಳೇ ಅದನ್ನು ನುಂಗಿ ಅಲ್ಲೇ ಇಟ್ಟುಕೊಳ್ಳುತ್ತವೆ. ಅಮೆರಿಕದ ನೆಬ್ರಾಸ್ಕಾದ ವಿಜ್ಞಾನಿ ಡಾಂಗ್ ವಾಂಗ್ ಇದಕ್ಕೆ ‘ಎಲ್ವಿಸ್’ ಅಂತ ಹೆಸರಿಟ್ಟರು. ನೋವಿಗೆ ಕಾರಣವಾದ ಸೋರಿಕೆಯೇ ಮದ್ದಿಗೆ ಬಾಗಿಲಾಗೋದು ನನಗಂತೂ ತುಂಬ ಹಿಡಿಸಿದ ವಿಷಯ.

ತೊಡಕೂ ಇದೆ. ಲಿವರ್, ಗುಲ್ಮದಲ್ಲೂ (ಸ್ಪ್ಲೀನ್) ಇಂಥ ನುಂಗುವ ಕೋಶಗಳಿವೆ. ಗುಳ್ಳೆಗಳಲ್ಲಿ ಬಹಳಷ್ಟನ್ನು ಅವೇ ಹಿಡಿದುಬಿಡುತ್ತವೆ. ಅದನ್ನು ತಡೆಯೋಕೆ ಗುಳ್ಳೆಗೆ ಪೆಗ್ ಅನ್ನೋ ಪಾಲಿಮರ್ ಹೊದಿಕೆ ಹಾಕುತ್ತಾರೆ. ಹಿಡಿಯೋದು ತಡವಾಗುತ್ತದೆ ಅಷ್ಟೇ, ಪೂರ್ತಿ ತಪ್ಪೋದಿಲ್ಲ.

ಕ್ಯಾನ್ಸರ್‌ಗೆ ಲಿಪೊಸೋಮ್ ಮದ್ದು ಡಾಕ್ಸಿಲ್ 1995ರಲ್ಲೇ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಕೀಲುವಾತಕ್ಕೆ ಸ್ಟೀರಾಯ್ಡ್ ತುಂಬಿದ ಗುಳ್ಳೆಗಳನ್ನು ರೋಗಿಗಳ ಮೇಲೂ ಪರೀಕ್ಷಿಸಿದ್ದಾರೆ. ಆದರೆ ಅಮ್ಮನ ಮಾತ್ರೆಯ ಜಾಗಕ್ಕೆ ಬರುವಂಥದ್ದು ಇನ್ನೂ ಇಲ್ಲ. ಅಂಗಡಿಯಲ್ಲಿ ‘ನ್ಯಾನೋ’ ಅಂತ ಮಾರುವ ನೋವಿನೆಣ್ಣೆಗೂ ಇದಕ್ಕೂ ಸಂಬಂಧ ಕಟ್ಟಬೇಡಿ.

ವಾಕರಿಕೆಗೆ ಈಗಲೇ ದಾರಿಯಿದೆ. ಫೋಲಿಕ್ ಆಸಿಡ್ ಕೊಡುತ್ತಿದ್ದಾರಾ, ಮಾತ್ರೆ ಬದಲು ಅದೇ ಮದ್ದನ್ನು ಚರ್ಮದಡಿ ಇಂಜೆಕ್ಷನ್ ಆಗಿ ಕೊಡಬಹುದಾ ಅಂತ ಡಾಕ್ಟರನ್ನು ಕೇಳಿ. ಮಾತ್ರೆ ತಗೊಳ್ಳುವ ದಿನ ಯಾವುದು ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ವಾರಕ್ಕೊಮ್ಮೆಯದನ್ನು ಮರೆತು ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ.