ಬಂಡಾಯ ಇತಿಹಾಸದ್ದು, ಪ್ರೇಮ ಯಾರದ್ದು?

ಬ್ರಿಟಿಷರ ಕಾಲದ ಕಥೆ ಇಟ್ಟುಕೊಂಡು ಸಿನಿಮಾ ಬಂದರೆ ಸಾಕು, ಜಗಳ ಶುರು. ಇತಿಹಾಸ ತಿರುಚಿದ್ದಾರೆ ಅಂತ ಒಬ್ಬರು, ಸಿನಿಮಾ ಅಲ್ವಾ ಬಿಡಿ ಅಂತ ಇನ್ನೊಬ್ಬರು. ಎಷ್ಟೋ ಸಲ ತಕರಾರು ಯುದ್ಧದ ಬಗ್ಗೆ ಇರುವುದೇ ಇಲ್ಲ. 2005ರಲ್ಲಿ ಮಂಗಲ್ ಪಾಂಡೆಯ ಚಿತ್ರ ಬಂದಾಗ ಉತ್ತರ ಪ್ರದೇಶದಲ್ಲಿ ಜನ ಸಿಟ್ಟಾಗಿದ್ದು ಅವನನ್ನು ವೇಶ್ಯೆಯ ಮನೆಯಲ್ಲಿ ತೋರಿಸಿದ್ದಕ್ಕೆ. ಹೋರಾಟಗಾರನಿಗೆ ಪ್ರೀತಿ ಯಾಕೆ ಬೇಕಿತ್ತು?

ಬ್ರಿಟಿಷರು ಆಳುತ್ತಿದ್ದಾಗ ಅವರ ವಿರುದ್ಧ ನೇರವಾಗಿ ಸಿನಿಮಾ ಮಾಡುವ ಹಾಗಿರಲಿಲ್ಲ. 1918ರಲ್ಲಿ ಕಾಯ್ದೆ ಬಂತು, ಅದರ ಬೆನ್ನಿಗೇ ಸೆನ್ಸಾರ್ ಮಂಡಳಿಗಳೂ ಬಂದವು. ಆಗ ಕೈಗೆ ಸಿಕ್ಕಿದ್ದು ಪುರಾಣದ ವೇಷ. 1921ರ 'ಭಕ್ತ ವಿದುರ'ದಲ್ಲಿ ಮಹಾಭಾರತದ ವಿದುರ ಗಾಂಧಿ ಟೋಪಿ, ಖಾದಿ ಅಂಗಿ ತೊಟ್ಟು ಬಂದ. ಅದು ಮೂಕಿ ಚಿತ್ರ. ಬಟ್ಟೆಯೇ ಮಾತಾಡಿತು. ಮದ್ರಾಸಿನಲ್ಲೂ ಕರಾಚಿಯಲ್ಲೂ ನಿಷೇಧ ಹಾಕಿದರು.

1943ರ 'ಕಿಸ್ಮತ್' ಇನ್ನೂ ಜಾಣ. ಕಥೆ ಜೇಬುಗಳ್ಳನೊಬ್ಬನ ಪ್ರೇಮದ್ದು. ಅದರಲ್ಲಿ ರಂಗದ ಮೇಲೆ ಒಂದು ಹಾಡು: ದೂರ ಸರಿಯಿರಿ, ಹಿಂದೂಸ್ತಾನ ನಮ್ಮದು. ಕವಿ ಪ್ರದೀಪ್ ಸುಮ್ನೆ ಒಂದು ಸಾಲಲ್ಲಿ ಜರ್ಮನ್, ಜಪಾನಿಯರ ಹೆಸರು ತುರುಕಿದ್ದರು. ಆಗ ಮಹಾಯುದ್ಧ ನಡೀತಿತ್ತು. ಬೈದಿರುವುದು ಶತ್ರುಗಳಿಗೆ ಅಂದುಕೊಂಡು ಸೆನ್ಸಾರಿನವರು ಬಿಟ್ಟರು. ಹೇಳಿದ್ದು ಯಾರಿಗೆ ಅಂತ ಬೆಂಚಿನ ಮೇಲೆ ಕೂತವರಿಗೆ ಗೊತ್ತಿತ್ತು. ಕಲ್ಕತ್ತಾದ ರಾಕ್ಸಿ ಚಿತ್ರಮಂದಿರದಲ್ಲಿ ಚಿತ್ರ ಮೂರು ವರ್ಷಕ್ಕೂ ಜಾಸ್ತಿ ಓಡಿತು. ಅಲ್ಲಿ ಪ್ರೇಮ ಹೊದಿಕೆ, ಬಂಡಾಯ ಒಳಗಿನ ಸರಕು.

ಸ್ವಾತಂತ್ರ್ಯ ಬಂದ ಮೇಲೆ ಹೊದಿಕೆ ಬೇಕಾಗಲಿಲ್ಲ. 1948ರಲ್ಲೇ ದಿಲೀಪ್ ಕುಮಾರ್ ಅಭಿನಯದ 'ಶಹೀದ್', 1961ರಲ್ಲಿ ನಮ್ಮ 'ಕಿತ್ತೂರು ಚೆನ್ನಮ್ಮ', ಹೀಗೆ ಹುತಾತ್ಮರ ಕಥೆ ಹೇಳುತ್ತಲೇ ದಶಕಗಳು ಕಳೆದವು. ಬರಬರುತ್ತಾ ಎಲ್ಲ ತಿರುಗುಮುರುಗಾಯಿತು. ಬಂಡಾಯ ಹೊದಿಕೆಯಾಯಿತು, ಟಿಕೆಟ್ ಮಾರುವ ಸರಕು ಪ್ರೇಮವಾಯಿತು.

ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದು, ನನ್ನ ಮಟ್ಟಿಗೆ, ಶ್ಯಾಮ್ ಬೆನಗಲ್ ಅವರ 'ಜುನೂನ್' (1978). ಕಾಲ 1857, ಸಿಪಾಯಿ ದಂಗೆಯ ವರ್ಷ. ಪಠಾಣ ಜಾವೇದ್‌ಗೆ ತಾನು ಬಲವಂತವಾಗಿ ಮನೆಗೆ ಕರೆತಂದ ಆಂಗ್ಲೋ-ಇಂಡಿಯನ್ ಹುಡುಗಿ ರೂತ್ ಮೇಲೆ ಹುಚ್ಚು. ಅವಳ ತಾಯಿ ಒಂದು ಷರತ್ತು ಹಾಕುತ್ತಾಳೆ: ದಿಲ್ಲಿ ನಿಮ್ಮವರ ಕೈಲಿ ಉಳಿದರೆ ಮಗಳು ನಿನಗೆ, ಬ್ರಿಟಿಷರಿಗೆ ಸಿಕ್ಕರೆ ಇಲ್ಲ. ಅಲ್ಲಿಂದ ಮುಂದೆ ದಿಲ್ಲಿಯ ಸುದ್ದಿ ಬಂದಾಗಲೆಲ್ಲ ಒಂದು ಮದುವೆಯೂ ತೂಗಾಡುತ್ತದೆ.

ಆಮೇಲೆ ಬಂದವರು ಇಷ್ಟು ಕಷ್ಟಪಡಲಿಲ್ಲ. 'ಲಗಾನ್' (2001), ತಮಿಳಿನ 'ಮದರಾಸಪಟ್ಟಿಣಂ' (2010), 'ಆರ್‌ಆರ್‌ಆರ್' (2022), ಮೂರರಲ್ಲೂ ನಮ್ಮ ಹುಡುಗನ ಪಕ್ಷ ಹಿಡಿಯುವ ಒಬ್ಬಳು ಒಳ್ಳೆಯ ಬಿಳಿ ಹುಡುಗಿ ಇದ್ದಾಳೆ. ಸಾಹೇಬರು ಸೋತರೆ ಸಾಲದು, ಅವರ ಮನೆ ಹುಡುಗಿಯೂ ನಮ್ಮ ಕಡೆ ಬರಬೇಕು! ಅವಳ ಪಾಡು ಏನಾಯಿತು ಅಂತ ವಿಚಾರಿಸುವವರು ಕಡಿಮೆ. ಬೆನಗಲ್ ಚಿತ್ರದ ಕೊನೆಯಲ್ಲಿ ಒಂದು ದನಿ ಹೇಳುತ್ತದೆ, ರೂತ್ ಲಂಡನ್ನಿನಲ್ಲಿ ಮದುವೆಯಾಗದೆ ತೀರಿಕೊಂಡಳು ಅಂತ. 23 ವರ್ಷದ ನಂತರ 'ಲಗಾನ್' ಮುಗಿಯುವಾಗಲೂ ಒಂದು ದನಿ ಬರುತ್ತದೆ. ಅದರ ಬಿಳಿ ಹುಡುಗಿ ಎಲಿಜಬೆತ್ ತನ್ನ ದೇಶಕ್ಕೆ ವಾಪಸ್ ಹೋದಳಂತೆ, ಕಡೇವರೆಗೂ ಮದುವೆಯಾಗಲಿಲ್ಲವಂತೆ.