ಗಂಡನನ್ನು ‘ಮಾವ’ ಎಂದು ಕರೆದ ರಾಣಿ

ವಿಯೆನ್ನಾದ ಕಲಾ ಮ್ಯೂಸಿಯಂನಲ್ಲಿ ಒಬ್ಬಳೇ ಹುಡುಗಿಯ ಮೂರು ಚಿತ್ರಗಳಿವೆ. ಮೂರನ್ನೂ ಬರೆದವನು ಸ್ಪೇನಿನ ಆಸ್ಥಾನದ ಕಲಾವಿದ ಡಿಯೆಗೊ ವೆಲಾಸ್ಕೆಸ್. ಮೊದಲನೆಯದರಲ್ಲಿ ಅವಳು ಗುಲಾಬಿ ಬಟ್ಟೆ ತೊಟ್ಟ ಪುಟ್ಟ ಕೂಸು. ಎರಡನೆಯದರಲ್ಲಿ ಐದು ವರ್ಷ, ಬಿಳಿ ಬಟ್ಟೆ. ಮೂರನೆಯದು 1659ರದ್ದು. ಈಗ ಎಂಟು ವರ್ಷ. ಸೊಂಟದಿಂದ ಎರಡೂ ಕಡೆ ಚಾಚಿಕೊಂಡ ನೀಲಿ ಲಂಗ, ಕೈಯಲ್ಲಿ ಕಂದು ಬಣ್ಣದ ತುಪ್ಪಳ. ಇಷ್ಟು ಚಿಕ್ಕವಳ ಮೇಲೆ ಅಷ್ಟೊಂದು ಬಟ್ಟೆ!

ಈ ಚಿತ್ರಗಳನ್ನು ಬರೆಸಿದ್ದು ಮ್ಯಾಡ್ರಿಡ್ ಅರಮನೆಯ ಗೋಡೆಗಲ್ಲ. ಮಗು ಹೇಗೆ ಬೆಳೆಯುತ್ತಿದೆ ಎಂದು ವಿಯೆನ್ನಾದ ನೆಂಟರಿಗೆ ತೋರಿಸಲು. ಹುಡುಗಿಯ ಹೆಸರು ಮಾರ್ಗರೀಟಾ ತೆರೇಸಾ, ಸ್ಪೇನಿನ ರಾಜ ನಾಲ್ಕನೇ ಫಿಲಿಪ್‌ನ ಮಗಳು. 1666ರ ಡಿಸೆಂಬರ್‌ನಲ್ಲಿ, 15ನೇ ವಯಸ್ಸಿಗೆ, ಅವಳ ಮದುವೆ ವಿಯೆನ್ನಾದಲ್ಲಿ ನಡೆಯಿತು. ಗಂಡ ಚಕ್ರವರ್ತಿ ಒಂದನೇ ಲಿಯೋಪೋಲ್ಡ್, ಅವಳ ತಾಯಿಯ ಒಡಹುಟ್ಟಿದ ತಮ್ಮ. ಮದುವೆಯಾದ ಮೇಲೂ ಅವಳು ಅವನನ್ನು ಕರೆಯುತ್ತಿದ್ದದ್ದು ಮಾವ ಎಂದೇ. ಅವನು ಅವಳನ್ನು ಮುದ್ದಿನಿಂದ ‘ಗ್ರೆಟ್ಲ್’ ಎನ್ನುತ್ತಿದ್ದ.

ಬೇರೆ ದೇಶದ ಓದುಗರು ಇಲ್ಲಿ ಬೆಚ್ಚಿಬೀಳಬಹುದು. ಕನ್ನಡದವರಿಗೆ ಇದು ತೀರಾ ಹೊಸದೇನಲ್ಲ, ಅಲ್ವಾ? ಅಕ್ಕನ ಮಗಳನ್ನು ಮದುವೆಯಾದವರು ನಮ್ಮ ಹಿಂದಿನ ತಲೆಮಾರಿನಲ್ಲಿ ಎಷ್ಟೋ ಮಂದಿ. ಗಂಡನನ್ನು ಕೊನೆತನಕ ‘ಮಾವ’ ಎಂದೇ ಕರೆದ ಅಜ್ಜಿಯರೂ ಇದ್ದರು. ಹಾಗಾಗಿ ಯೂರೋಪಿನ ಈ ರಾಜಮನೆತನದ ಕಥೆಯನ್ನು ನಾವು ದೂರ ನಿಂತು ನೋಡಿದರೆ ಸಾಲದು.

ಮನೆತನದ ಹೆಸರು ಹ್ಯಾಬ್ಸ್‌ಬರ್ಗ್. ಇವರು ಬೆಳೆದದ್ದೇ ಮದುವೆಯಿಂದ. 1477ರಲ್ಲಿ ಮ್ಯಾಕ್ಸಿಮಿಲಿಯನ್ ಬರ್ಗಂಡಿಯ ಮೇರಿಯನ್ನು ಮದುವೆಯಾದ. ಅವಳ ಜೊತೆ ಈಗಿನ ನೆದರ್‌ಲ್ಯಾಂಡ್ಸ್, ಬೆಲ್ಜಿಯಂ ಕಡೆಯ ಸಿರಿವಂತ ಊರುಗಳು ಬಂದವು. 1496ರಲ್ಲಿ ಅವರ ಮಗ ಸ್ಪೇನಿನ ಹುವಾನಾಳನ್ನು ಮದುವೆಯಾದ. ಅವಳ ಜೊತೆ ಸ್ಪೇನೇ ಬಂತು. ಎರಡೂ ಸಲ ರಾಜ್ಯ ತಂದವರು ಸೊಸೆಯರು.

ಹೆಣ್ಣಿನ ಜೊತೆ ರಾಜ್ಯ ಬರುತ್ತದೆ ಎಂದಾದರೆ, ಹೆಣ್ಣಿನ ಜೊತೆ ರಾಜ್ಯ ಹೋಗಲೂಬಹುದು. ಫ್ರಾನ್ಸಿನಲ್ಲಿ ಹೆಣ್ಣುಮಕ್ಕಳಿಗೆ ಪಟ್ಟದ ಹಕ್ಕಿರಲಿಲ್ಲ. ಸ್ಪೇನಿನಲ್ಲಿ ಗಂಡು ಮಕ್ಕಳಿಲ್ಲದಿದ್ದರೆ ಮಗಳಿಗೇ ಹಕ್ಕು. ಅಂದಮೇಲೆ ಹೊರಗೆ ಕೊಟ್ಟ ಒಬ್ಬೊಬ್ಬ ಮಗಳೂ ಬೇರೆ ರಾಜನ ಮನೆಗೆ ಹೋದ ಒಂದೊಂದು ಹಕ್ಕುಪತ್ರ. ಆ ಹೆದರಿಕೆಗೆ ಅವರು ಕಂಡುಕೊಂಡ ದಾರಿ, ಮಗಳನ್ನು ಮನೆಯೊಳಗೇ ಕೊಡುವುದು. ಮನೆತನದ ಒಂದು ಕವಲು ಮ್ಯಾಡ್ರಿಡ್ಡಿನಲ್ಲಿ, ಇನ್ನೊಂದು ವಿಯೆನ್ನಾದಲ್ಲಿ ಆಳುತ್ತಿತ್ತು. ಹಾಗಾಗಿ ಮ್ಯಾಡ್ರಿಡ್ಡಿನ ಹುಡುಗಿ ವಿಯೆನ್ನಾಕ್ಕೆ, ವಿಯೆನ್ನಾದ ಹುಡುಗಿ ಮ್ಯಾಡ್ರಿಡ್ಡಿಗೆ. ಚರ್ಚಿನ ಕಟ್ಟಳೆ ಅಡ್ಡ ಬಂದಾಗಲೆಲ್ಲ ಪೋಪ್ ವಿಶೇಷ ಅನುಮತಿ ಕೊಡುತ್ತಿದ್ದರು.

ಇದರಲ್ಲಿ ನನ್ನ ಮನಸ್ಸಿನಿಂದ ಹೋಗದವರು ಇಬ್ಬರು ಹುಡುಗಿಯರು. ಆಸ್ಟ್ರಿಯಾದ ಆನ್ನಾಳನ್ನು ಮೊದಲು ಗೊತ್ತುಮಾಡಿದ್ದು ಸ್ಪೇನಿನ ರಾಜಕುಮಾರ ಡಾನ್ ಕಾರ್ಲೋಸ್‌ಗೆ. ಅವನು ಸತ್ತ. 1570ರಲ್ಲಿ ಅವಳನ್ನು ಅವನ ತಂದೆ ಎರಡನೇ ಫಿಲಿಪ್‌ಗೇ ಕೊಟ್ಟರು. ಆತ ಅವಳ ಸೋದರಮಾವ. ಹೆತ್ತದ್ದು ಐದು ಮಕ್ಕಳು, ದೊಡ್ಡವನಾಗಿ ಬೆಳೆದದ್ದು ಒಬ್ಬ. 79 ವರ್ಷದ ನಂತರ ಅದೇ ಕಥೆ. ಮರಿಯಾನಾಳನ್ನು ರಾಜಕುಮಾರ ಬಾಲ್ಟಸಾರ್ ಕಾರ್ಲೋಸ್‌ಗೆ ನಿಶ್ಚಯ ಮಾಡಿದ್ದರು. 1646ರಲ್ಲಿ ಅವನೂ ಸತ್ತ. 1649ರಲ್ಲಿ ಅವಳೂ ಹುಡುಗನ ತಂದೆಯ ಹೆಂಡತಿಯಾದಳು. ಅವಳಿಗೆ 14, ನಾಲ್ಕನೇ ಫಿಲಿಪ್‌ಗೆ 44. ಅವನೂ ಸೋದರಮಾವನೇ. ಈ ಮರಿಯಾನಾಳ ಮಗಳೇ ನೀಲಿ ಲಂಗದ ಮಾರ್ಗರೀಟಾ.

ಈಗ ಸ್ವಲ್ಪ ಜೀನ್ ವಿಷಯ. ನಮ್ಮಲ್ಲಿ ಪ್ರತಿ ಜೀನಿನ ಎರಡು ಪ್ರತಿ ಇರುತ್ತವೆ, ಒಂದು ಅಮ್ಮನದು, ಒಂದು ಅಪ್ಪನದು. ಒಂದು ಪುಸ್ತಕದ ಎರಡು ಪ್ರತಿ ಮನೆಯಲ್ಲಿದ್ದ ಹಾಗೆ. ಒಂದರಲ್ಲಿ ಹಾಳೆ ಹರಿದಿದ್ದರೂ ಇನ್ನೊಂದರಲ್ಲಿ ಓದಿಕೊಳ್ಳಬಹುದು. ಆದರೆ ಎರಡೂ ಪ್ರತಿ ಒಂದೇ ಹರಿದ ಪುಸ್ತಕದ ಜೆರಾಕ್ಸ್ ಆಗಿದ್ದರೆ? ಆ ಹಾಳೆ ಎಲ್ಲೂ ಸಿಗುವುದಿಲ್ಲ. ಹೀಗೆ ಎರಡೂ ಪ್ರತಿ ಒಬ್ಬರೇ ಪೂರ್ವಿಕರಿಂದ ಬಂದಿರುವ ಸಾಧ್ಯತೆಯನ್ನು ಲೆಕ್ಕ ಹಾಕಬಹುದು. ಅತ್ತೆ-ಮಾವನ ಮಕ್ಕಳು ಮದುವೆಯಾದರೆ ಅವರ ಮಗುವಿಗೆ ಅದು 16ರಲ್ಲಿ 1. ಸೋದರಮಾವನಾದರೆ 8ರಲ್ಲಿ 1. ಅಣ್ಣ-ತಂಗಿಯಾದರೆ 4ರಲ್ಲಿ 1, ಅಂದರೆ 0.25.

2009ರಲ್ಲಿ ಸ್ಪೇನಿನ ಸಂಶೋಧಕರು 16 ತಲೆಮಾರುಗಳ 3,000ಕ್ಕೂ ಹೆಚ್ಚು ನೆಂಟರ ವಂಶಾವಳಿ ಹಿಡಿದು ಈ ಲೆಕ್ಕ ಮಾಡಿದರು. ಮರಿಯಾನಾಳ ಕೊನೆಯ ಮಗ, ಮುಂದೆ ಸ್ಪೇನಿನ ರಾಜನಾದ ಎರಡನೇ ಚಾರ್ಲ್ಸ್‌ಗೆ ಬಂದ ಅಂಕಿ 0.254. ಅಣ್ಣ-ತಂಗಿಯ ಮಗುವಿಗಿಂತ ಒಂದು ಕೂದಲು ಜಾಸ್ತಿ! ಅಪ್ಪ-ಅಮ್ಮ ಸೋದರಮಾವ-ಸೋದರಸೊಸೆಯಷ್ಟೇ ಆಗಿದ್ದರೂ ಹೀಗೇಕೆ? ಹಿಂದಿನ ಮದುವೆಗಳೂ ಸೇರಿಕೊಂಡಿವೆ. ಅವನ ತಂದೆಯ ತಾಯಿಯೇ ಅವನ ತಾಯಿಯ ಅಜ್ಜಿ.

ನಮ್ಮ ಕಡೆಯ ಮದುವೆಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. 1980ರ ದಶಕದಲ್ಲಿ ಕರ್ನಾಟಕದ ಆಸ್ಪತ್ರೆಗಳಲ್ಲಿ ಹೆತ್ತ ತಾಯಂದಿರನ್ನು ವಿಚಾರಿಸಿದಾಗ ಹೆಚ್ಚುಕಡಿಮೆ ಮೂರನೇ ಒಂದು ಭಾಗದವರದು ಸಂಬಂಧದೊಳಗಿನ ಮದುವೆ. ಅಪಾಯ ಅಲ್ಲೂ ಇದೆ. ಅದನ್ನು ಮುಚ್ಚಿಡುವುದು ತಪ್ಪು. ಹಾಗಿದ್ದೂ ಅಂಥ ದಂಪತಿಗಳಿಗೆ ಹುಟ್ಟಿದ ಮಕ್ಕಳಲ್ಲಿ ಹೆಚ್ಚಿನವರು ಆರೋಗ್ಯವಾಗಿಯೇ ಇರುತ್ತಾರೆ. ಹ್ಯಾಬ್ಸ್‌ಬರ್ಗ್‌ನವರು ಬೆರಳೆಣಿಕೆಯ ಮನೆಗಳಲ್ಲೇ, ತಲೆಮಾರಿನ ಮೇಲೆ ತಲೆಮಾರು, ಗಂಟಿನ ಮೇಲೆ ಗಂಟು ಹಾಕುತ್ತಾ ಹೋದರು.

ಆ ಗಂಟು ಕುತ್ತಿಗೆಗೆ ಬಿದ್ದದ್ದು ತಾಯಂದಿರಿಗೆ. 1527ರಿಂದ 1661ರವರೆಗೆ ಸ್ಪೇನಿನ ರಾಜರಿಗೆ 34 ಮಕ್ಕಳು ಹುಟ್ಟಿದರು. 10 ಮಕ್ಕಳು ವರ್ಷ ತುಂಬುವ ಮುಂಚೆ ತೀರಿಕೊಂಡವು. ಹತ್ತು ವರ್ಷ ದಾಟದವು 17, ಸರಿಯಾಗಿ ಅರ್ಧ. ಆ ಕಾಲದಲ್ಲಿ ಬಡವರ ಮನೆಯ ಮಕ್ಕಳೂ ಸಾಯುತ್ತಿದ್ದವು, ನಿಜ. ಆದರೆ ಅದೇ ಸ್ಪೇನಿನ ಹಳ್ಳಿಗಳಲ್ಲಿ ಮಕ್ಕಳು ಬದುಕುಳಿಯುವ ಪ್ರಮಾಣ ಇದಕ್ಕಿಂತ ಚೆನ್ನಾಗಿತ್ತು. ಅರಮನೆಯಲ್ಲಿ ಊಟಕ್ಕಾಗಲಿ ವೈದ್ಯರಿಗಾಗಲಿ ಏನು ಕೊರತೆ?

ವಿಯೆನ್ನಾದ ಅದೇ ಮ್ಯೂಸಿಯಂನಲ್ಲಿ ಮಾರ್ಗರೀಟಾಳ ತಮ್ಮ ಫೆಲಿಪೆ ಪ್ರಾಸ್ಪೆರೋನ ಚಿತ್ರವೂ ಇದೆ. ಅವನಿಗೆ ಎರಡು ವರ್ಷ. ಬಿಳಿಚಿದ ಮುಖ, ಸುಸ್ತಾದ ಕಣ್ಣು, ಪಕ್ಕದ ಕುರ್ಚಿಯಲ್ಲಿ ಪುಟ್ಟ ನಾಯಿ. ಎದೆಯ ಮೇಲಿನ ಬಿಳಿ ಬಟ್ಟೆಯ ತುಂಬ ಗಂಟೆ, ತಾಯಿತ. ದೃಷ್ಟಿ ತಾಗದಿರಲಿ ಎಂದು. ಆ ತಾಯಿತಗಳನ್ನು ನೋಡಿದಾಗ ಮರಿಯಾನಾ ರಾಣಿಯಲ್ಲ, ನಮ್ಮ ಯಾವುದೋ ಊರಿನ ತಾಯಿ ಅನಿಸುತ್ತಾಳೆ. 1661ರ ನವೆಂಬರ್ 1ರಂದು ಮಗು ಹೋಯಿತು. ಅವಳು ಆಗ ತುಂಬು ಬಸುರಿ. ಐದೇ ದಿನಕ್ಕೆ ಚಾರ್ಲ್ಸ್ ಹುಟ್ಟಿದ. ಅವನು ಮಾತು ಕಲಿತದ್ದೂ ನಡೆದದ್ದೂ ಬಹಳ ತಡವಾಗಿ, ಬದುಕಿಡೀ ಕಾಯಿಲೆ.

ಆದರೆ ಮಾರ್ಗರೀಟಾ? ಅವಳೂ ಅದೇ ತಂದೆ-ತಾಯಿಯ ಮಗಳು. ಅವಳ ಅಂಕಿಯೂ 0.254. ಆದರೂ ಓಡಾಡಿಕೊಂಡು ಬೆಳೆದಳು. ಈ ಅಂಕಿ ಸಾಧ್ಯತೆಯನ್ನಷ್ಟೇ ಹೇಳುತ್ತದೆ. ಯಾವ ಹರಿದ ಹಾಳೆ ಯಾರ ಪಾಲಿಗೆ ಬಂತು ಎಂಬುದು ಪ್ರತಿ ಮಗುವಿಗೂ ಹೊಸ ಚೀಟಿ. ಅವಳು ಮಾವನಿಗೆ ನಾಲ್ಕು ಮಕ್ಕಳನ್ನು ಹೆತ್ತಳು. ಉಳಿದದ್ದು ಮರಿಯಾ ಆಂಟೋನಿಯಾ ಒಬ್ಬಳೇ. 1673ರಲ್ಲಿ ಮತ್ತೆ ಬಸುರಿಯಾಗಿದ್ದಾಗ ಮಾರ್ಗರೀಟಾ ತೀರಿಕೊಂಡಳು, 21ನೇ ವಯಸ್ಸಿಗೆ.

ಮರಿಯಾ ಆಂಟೋನಿಯಾಳ ವಂಶಾವಳಿಯನ್ನು ಒಮ್ಮೆ ಹಾಳೆಯ ಮೇಲೆ ಬರೆದು ನೋಡಿ. ಅಜ್ಜ-ಅಜ್ಜಿಯರ ತಂದೆ-ತಾಯಿಯರು ಎಂದರೆ ಎಂಟು ಜನ ಬೇಕು. ಅವಳಿಗೆ ಸಿಗುವುದು ಆರೇ. ಸಾಲದ್ದಕ್ಕೆ ಲಿಯೋಪೋಲ್ಡ್‌ನ ತಂದೆ-ತಾಯಿ ಅವಳಿಗೆ ಒಂದು ಕಡೆಯಿಂದ ಅಜ್ಜ-ಅಜ್ಜಿ, ಇನ್ನೊಂದು ಕಡೆಯಿಂದ ಮುತ್ತಜ್ಜ-ಮುತ್ತಜ್ಜಿ. ಅವಳ ಅಂಕಿ 0.305.

ಚಾರ್ಲ್ಸ್‌ಗೆ ಎರಡು ಮದುವೆಯಾದವು, ಮಕ್ಕಳಾಗಲಿಲ್ಲ. ಬೈಗುಳ ತಿಂದವಳು ಮೊದಲ ಹೆಂಡತಿ, ಫ್ರಾನ್ಸಿನ ಮರೀ ಲೂಯಿ. ಹೆರದಿದ್ದರೆ ಪ್ಯಾರಿಸ್ಸಿಗೆ ವಾಪಸ್ ಹೋಗು ಎನ್ನುವ ಪದ್ಯ ಬೀದಿಯಲ್ಲಿ ಓಡಾಡಿತು. ಅವಳು 26ಕ್ಕೇ ಸತ್ತಳು. ಎರಡನೆಯವಳನ್ನು ಜರ್ಮನಿಯ ನಾಯ್‌ಬುರ್ಗ್‌ನಿಂದ ತಂದರು. ಅವಳ ತಾಯಿ 17 ಮಕ್ಕಳನ್ನು ಹೆತ್ತವಳು ಎಂಬುದೇ ದೊಡ್ಡ ಅರ್ಹತೆ. ತೊಂದರೆ ಗಂಡನ ಕಡೆ ಇರಬಹುದೆಂದು ಗೊತ್ತಿದ್ದರೂ ಬಾಯಿಬಿಟ್ಟು ಹೇಳುವವರು ಕಡಿಮೆ. ಈ ಅನ್ಯಾಯ ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ.

ಆಗ ಸಂಬಂಧ ಕುದುರಿಸಲು ಬಳಸಿದ ಭಾವಚಿತ್ರಗಳೇ ಈಗ ವಿಜ್ಞಾನಿಗಳಿಗೆ ಸಾಕ್ಷಿ. 2019ರ ಅಧ್ಯಯನವೊಂದರಲ್ಲಿ ದವಡೆ ಮತ್ತು ಮುಖದ ಹತ್ತು ಶಸ್ತ್ರವೈದ್ಯರು ಈ ಮನೆತನದ 66 ಚಿತ್ರಗಳನ್ನು ಪರೀಕ್ಷಿಸಿದರು. ಒಳಸಂಬಂಧ ಹೆಚ್ಚಾದಷ್ಟೂ ಮುಂಚಾಚಿದ ಕೆಳದವಡೆಯೂ ಹೆಚ್ಚು ಎದ್ದು ಕಂಡಿತು.

ಇಷ್ಟೆಲ್ಲ ಕಟ್ಟಿ ಕಾಪಾಡಿದ ಪಟ್ಟ ಉಳಿಯಿತೇ? ಮಾರ್ಗರೀಟಾಳ ಮಲಅಕ್ಕ ಮರಿಯಾ ತೆರೇಸಾಳನ್ನು 1660ರಲ್ಲಿ ಶಾಂತಿಗಾಗಿ ಫ್ರಾನ್ಸಿನ ಹದಿನಾಲ್ಕನೇ ಲೂಯಿಗೆ ಕೊಟ್ಟಿದ್ದರು. ಸ್ಪೇನಿನ ಮೇಲಿನ ಹಕ್ಕು ಬಿಟ್ಟೆ ಎಂದು ಅವಳಿಂದ ಬರೆಸಿಕೊಂಡರು. ಬದಲಿಗೆ ವರದಕ್ಷಿಣೆ 5 ಲಕ್ಷ ಚಿನ್ನದ ನಾಣ್ಯ. ಸ್ಪೇನ್ ಆ ಹಣ ಕೊಡಲೇ ಇಲ್ಲ. ದುಡ್ಡು ಬಂದಿಲ್ಲ, ಹಾಗಾಗಿ ಪತ್ರಕ್ಕೆ ಬೆಲೆಯಿಲ್ಲ ಎಂದು ಫ್ರೆಂಚರು ಪಟ್ಟುಹಿಡಿದರು. 1700ರ ನವೆಂಬರ್ 1ರಂದು ಚಾರ್ಲ್ಸ್ ಸತ್ತಾಗ ಅವನ ಉಯಿಲಿನಲ್ಲಿ ಇದ್ದದ್ದು ಈ ಮರಿಯಾ ತೆರೇಸಾಳ ಮೊಮ್ಮಗನ ಹೆಸರು. ಹದಿಮೂರು-ಹದಿನಾಲ್ಕು ವರ್ಷ ಯುದ್ಧ ನಡೆದರೂ ಸಿಂಹಾಸನ ಅವನಿಗೇ ಉಳಿಯಿತು. ಅಜ್ಜಿ ಅದನ್ನು ನೋಡಲಿಲ್ಲ. ಆರು ಮಕ್ಕಳನ್ನು ಹೆತ್ತು, ಐವರನ್ನು ಚಿಕ್ಕಂದಿನಲ್ಲೇ ಮಣ್ಣುಮಾಡಿ, 1683ರಲ್ಲೇ ಅವಳು ಕಣ್ಣುಮುಚ್ಚಿದ್ದಳು.